ಸಾಂಟಾ ಬಾರ್ಬರಾದ ಹಸಿ ಇಟ್ಟಿಗೆ

ಲಾಸ್ ಏಂಜಲೀಸ್‌ನಲ್ಲಿರುವ ಮಗಳ ಜೊತೆ ಸಾಂಟಾ ಬಾರ್ಬರಾಕ್ಕೆ ಹೋಗಿದ್ದೆ. ಎರಡು ದಿನ ಸಮುದ್ರ, ಅಂಗಡಿ ಬೀದಿ ಎಲ್ಲ ಸುತ್ತಿದ್ದಾಯ್ತು. ಮನಸ್ಸಲ್ಲಿ ಉಳಿದದ್ದು ಕೊನೆಯ ದಿನ ನೋಡಿದ ಒಂದು ಮಣ್ಣಿನ ಮನೆ.

1925ರ ಭೂಕಂಪದ ನಂತರ ಊರಿನ ನಡುಭಾಗವನ್ನೆಲ್ಲ ಸ್ಪ್ಯಾನಿಷ್ ಶೈಲಿಯಲ್ಲೇ ಮತ್ತೆ ಕಟ್ಟಿದ್ದಾರೆ. ಎಲ್ಲಿ ನೋಡಿದರೂ ಬಿಳಿ ಗೋಡೆ, ಕೆಂಪು ಹೆಂಚು. ಚೆಂದವೇ, ಆದರೆ ಸ್ವಲ್ಪ ಹೊತ್ತಿಗೆ ಎಲ್ಲ ಒಂದೇ ಥರ ಅನ್ನಿಸುತ್ತೆ. ಆ ಕಟ್ಟಡಗಳ ಮಧ್ಯೆಯೇ 1782ರಲ್ಲಿ ಸ್ಪೇನಿನವರು ಶುರುಮಾಡಿದ ಕೋಟೆ ಇದೆ, ಎಲ್ ಪ್ರೆಸಿಡಿಯೊ. ಕ್ಯಾಲಿಫೋರ್ನಿಯಾದ ಅವರ ನಾಲ್ಕು ಕೋಟೆಗಳಲ್ಲಿ ಇದೇ ಕೊನೆಯದು. ಕೋಟೆಯನ್ನು ಸೀಳಿಕೊಂಡು ಈಗ ರಸ್ತೆ ಹೋಗಿದೆ. ಅದರ ಹೆಸರು ಕ್ಯಾನನ್ ಪರ್ಡಿಡೊ, ಅಂದರೆ ಕಳೆದುಹೋದ ಫಿರಂಗಿ. 1848ರಲ್ಲಿ ಫಿರಂಗಿಯೊಂದು ಕಾಣೆಯಾದಾಗ ಅಮೆರಿಕದ ಸೇನಾ ಗವರ್ನರ್ ಇಡೀ ಊರಿಗೆ 500 ಡಾಲರ್ ದಂಡ ಹಾಕಿದ್ದ.

ಕೋಟೆಯೊಳಗೆ ಮತ್ತೆ ಕಟ್ಟಿದ ಚರ್ಚನ್ನು ಬೇಗ ನೋಡಿ ರಸ್ತೆ ದಾಟಿದೆವು. ಎದುರಿಗಿದ್ದದ್ದು ಎಲ್ ಕ್ವಾರ್ಟೆಲ್. ಕಾವಲು ಸೈನಿಕನ ಸಂಸಾರ ಇದ್ದ ಪುಟ್ಟ ಮನೆ. ಹಳೇ ಕೋಟೆಯಲ್ಲಿ ಉಳಿದಿರುವುದೇ ಎರಡು ತುಂಡು, ಅದರಲ್ಲಿ ಇದೊಂದು. ಹೊರಗೆ ಬಿಸಿಲು, ಒಳಗೆ ತಂಪು.

"ಅಮ್ಮಾ, ಅಜ್ಜಿ ಮನೆ ಹೀಗೇ ಇತ್ತಲ್ವಾ?" ಅಂದಳು ಮಗಳು.

ಅಲ್ಲಿ ಸ್ವಯಂಸೇವಕಿಯೊಬ್ಬರಿದ್ದರು, ವಯಸ್ಸಾದವರು. ಮಣ್ಣು ಇಷ್ಟು ವರ್ಷ ಹೇಗೆ ಉಳಿಯಿತು ಅಂತ ಕೇಳಿದೆ.

"ಗೋಡೆಯೊಳಗೆ ನೀರು ಬಿಡಬಾರದು, ಅಷ್ಟೇ. ಹೆಂಚು ಒಡೆದರೆ ಆಗಲೇ ಬದಲಾಯಿಸಬೇಕು. ಸುಣ್ಣ ಬಳಿಯುತ್ತಾ ಇರಬೇಕು. ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಗೋಡೆ ಹಾಳಾಗುತ್ತೆ."

ನನಗೆ ಮಾತು ಹೊರಡಲಿಲ್ಲ. ನಮ್ಮಮ್ಮನ ಮನೆಯೂ ಹಸಿ ಇಟ್ಟಿಗೆಯದೇ. ದೀಪಾವಳಿ ಬಂತೆಂದರೆ ಅಮ್ಮ ಸುಣ್ಣ ಬಳಿಸುತ್ತಿದ್ದರು. ಅವರು ಹೋದ ಮೇಲೆ, ಗಟ್ಟಿಯಾಗಲಿ ಅಂತ ನಾವು ಸಿಮೆಂಟ್ ಮೆತ್ತಿಸಿದೆವು. ಹತ್ತು ಮಳೆಗಾಲಕ್ಕೆ ಗೋಡೆ ಉಬ್ಬಿತು, ಕೆಡವಿಸಿದೆವು. ಇದನ್ನೆಲ್ಲ ಅವರಿಗೆ ಹೇಳಿಕೊಂಡೆ.

"ಇಲ್ಲಿ ಇಟ್ಟಿಗೆ ಮಾಡಿದವರು ಯಾರು?"

"ಚುಮಾಶ್ ಜನ. ಈ ನೆಲ ಅವರದೇ ಆಗಿತ್ತು."

ತೋರಿಸೋಕೆ ಇಟ್ಟಿದ್ದ ಒಂದು ಇಟ್ಟಿಗೆಯನ್ನು ಎತ್ತಿ ನೋಡಿ ಅಂದರು. ಅಂಚಿನಲ್ಲಿ ಒಣಹುಲ್ಲಿನ ಎಳೆಗಳು ಕಾಣುತ್ತಿದ್ದವು. ಎರಡೂ ಕೈ ಹಾಕಿ ಎತ್ತಿದೆ. ಒಂದಕ್ಕೇ ಭುಜ ಸೋತಿತು. ಚುಮಾಶ್ ಜನ ಇಡೀ ಕೋಟೆಯನ್ನೇ ಹೊತ್ತಿದ್ದರು.

ಅಲ್ಲೇ ಜಾಸ್ತಿ ಹೊತ್ತಾಯಿತು. ಹೊರಗೆ ಬಂದರೆ ಕಾರಿನ ಗಾಜಿಗೆ ದಂಡದ ಚೀಟಿ. ಆ ಬೀದಿಗಳಲ್ಲಿ ಕಾರು ನಿಲ್ಲಿಸುವವರು ಕಂಬದ ಬೋರ್ಡಿನಲ್ಲಿ ಎಷ್ಟು ಹೊತ್ತು ಅಂತ ಬರೆದಿದೆಯೋ ಮೊದಲು ನೋಡಿ. ಎಲ್ ಕ್ವಾರ್ಟೆಲ್‌ಗೆ ಹೋಗುವುದಾದರೆ ಅದಕ್ಕಿಂತ ಜಾಸ್ತಿ ಹೊತ್ತು ನಿಲ್ಲಿಸೋಕೆ ಆಗುವ ಜಾಗವನ್ನೇ ಹುಡುಕಿ.