ನೆಲ ಒರೆಸಿದೆವು, ಕಿಟಕಿ ತೆರೆಯಲಿಲ್ಲ

ಹನ್ನೆರಡು ವರ್ಷಗಳಿಂದ ಶುಶ್ರೂಷಾಧಿಕಾರಿಯಾಗಿ ಕೆಲಸ ಮಾಡುತ್ತಿದ್ದೇನೆ. ಕ್ಷಯರೋಗದ ಬಗ್ಗೆ ಕೇಳಿದರೆ ನಮ್ಮಲ್ಲಿ ಯಾರೂ ತಡವರಿಸುವುದಿಲ್ಲ: ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಕೆ, ಕಫ ಪರೀಕ್ಷೆ, ಕನಿಷ್ಠ ಆರು ತಿಂಗಳ ಮಾತ್ರೆ. ಬಾಯಿಪಾಠವಾಗಿದ್ದ ಇವೆಲ್ಲ ನಮ್ಮ ದಿನದ ಕೆಲಸಕ್ಕೆ ಇಳಿದಿರಲಿಲ್ಲವೆಂಬುದು ಒಂದು ಚಳಿಗಾಲದಲ್ಲಿ ಗೊತ್ತಾಯಿತು.

ಸಕ್ಕರೆ ಕಾಯಿಲೆ ಹತೋಟಿ ತಪ್ಪಿ, ಕಾಲಿನಲ್ಲಿ ಹುಣ್ಣಾಗಿದ್ದ ಐವತ್ತರ ಆಸುಪಾಸಿನ ಒಬ್ಬರು ನಮ್ಮ ವಾರ್ಡಿಗೆ ದಾಖಲಾದರು. ಕೇಸ್ ಶೀಟಿನಲ್ಲಿ ಇನ್ಸುಲಿನ್ನಿನ ಲೆಕ್ಕವಿತ್ತು, ಡ್ರೆಸ್ಸಿಂಗ್ ವಿವರವಿತ್ತು. ಕೆಮ್ಮು ಎಷ್ಟು ದಿನದಿಂದ ಇದೆಯೆಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಲಿಲ್ಲ. ಮಧುಮೇಹಿಗಳಿಗೆ ಕ್ಷಯ ಬರುವ ಸಂಭವ ಹೆಚ್ಚೆಂಬುದು ನನಗೆ ತಿಳಿಯದ ವಿಷಯವೇನಲ್ಲ. ಒಂಬತ್ತನೆಯ ದಿನ ಅವರ ಹೆಂಡತಿ, "ಸಿಸ್ಟರ್, ಎರಡು ತಿಂಗಳಿಂದ ಹೀಗೇ ಕೆಮ್ತಾರೆ, ರಾತ್ರಿ ಬೆವರಿ ಬನಿಯನ್ ಒದ್ದೆಯಾಗುತ್ತೆ" ಎಂದ ಮೇಲೆ ಕಫ ಕಳುಹಿಸಿದೆವು. ಕಫದಲ್ಲಿ ಕ್ಷಯದ ರೋಗಾಣು ಇದೆಯೇ ಎಂದು ನೋಡುವ ಸಿಬಿನ್ಯಾಟ್ ಪರೀಕ್ಷೆಯ ವರದಿ ಪಾಸಿಟಿವ್ ಬಂತು.

ಆಮೇಲೆ ನಾವು ಮಾಡಿದ್ದನ್ನು ನೆನೆದರೆ ಇಂದಿಗೂ ಬೇಸರವಾಗುತ್ತದೆ. ಅವರ ಹೊದಿಕೆಯನ್ನು ಬೇರೆ ಗಂಟು ಕಟ್ಟಿ ಒಗೆಯಲು ಕಳುಹಿಸಿದೆವು, ಸ್ಟೀಲ್ ಲೋಟವನ್ನು ಪ್ರತ್ಯೇಕವಾಗಿಟ್ಟೆವು, ನೆಲವನ್ನು ಫಿನಾಯಿಲ್ ಹಾಕಿ ಎರಡು ಸಲ ಒರೆಸಿದೆವು. ಚಳಿಯೆಂದು ಮುಚ್ಚಿದ್ದ ಆರು ಕಿಟಕಿಗಳು ಮಾತ್ರ ಮುಚ್ಚಿಯೇ ಇದ್ದವು. ಕ್ಷಯ ಲೋಟದಿಂದಲೂ ಹಾಸಿಗೆಯಿಂದಲೂ ಹರಡುವುದಿಲ್ಲ. ಶ್ವಾಸಕೋಶದ ಕ್ಷಯವಿರುವವರು ಕೆಮ್ಮಿದಾಗ ಹೊರಬೀಳುವ ಒಂದರಿಂದ ಐದು ಮೈಕ್ರಾನ್ ಗಾತ್ರದ ಕಣಗಳು ಗಾಳಿಯಾಡದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತಿರುತ್ತವೆ, ಅವನ್ನು ಉಸಿರಾಡಿದವರಿಗೆ ಸೋಂಕು ತಗಲುತ್ತದೆ. ಕಾಯಿಲೆ ಪತ್ತೆಯಾಗಿ ಮಾತ್ರೆ ನುಂಗುತ್ತಿರುವ ರೋಗಿಗಿಂತ, ಪತ್ತೆಯಾಗದೆ ಸಾಮಾನ್ಯ ವಾರ್ಡಿನಲ್ಲೋ ಹೊರರೋಗಿಗಳ ಸಾಲಿನಲ್ಲೋ ಕೆಮ್ಮುತ್ತಿರುವವರಿಂದಲೇ ನಮಗೆ ಅಪಾಯ ಹೆಚ್ಚು. ನಾವಾದರೋ ವರದಿ ಬಂದ ದಿನದಿಂದ ಭಯಪಡಲು ಶುರುಮಾಡುತ್ತೇವೆ.

ಮುಂದಿನ ಬೇಸಿಗೆಯಲ್ಲಿ ನನ್ನ ಜೊತೆಯ ಹಿರಿಯ ಸಿಸ್ಟರ್ ಒಬ್ಬರಿಗೆ ಕೆಮ್ಮು ಹಿಡಿಯಿತು. ಧೂಳಿನ ಅಲರ್ಜಿಯೆಂದು ಅವರೇ ಸಿರಪ್ ಕುಡಿದುಕೊಂಡು ಆರು ವಾರ ಡ್ಯೂಟಿ ಮಾಡಿದರು. ರೋಗಿಗಳಿಗೆ ಕೇಳುವ ಪ್ರಶ್ನೆಯನ್ನು ನಾವು ಅವರಿಗೆ ಕೇಳಲಿಲ್ಲ. ಅವರಿಗೂ ಕ್ಷಯವೇ ಆಗಿತ್ತು. ಆ ರೋಗಿಯಿಂದಲೇ ಬಂತೆಂದು ಹೇಳಲಾಗದು, ಆದರೆ ಅವರು ಮನೆಯವರಿಗೂ ಹೇಳದೆ ಮುಚ್ಚಿಡಲು ಬಯಸಿದ್ದು ನನ್ನನ್ನು ಬಹಳ ಕಾಡಿತು. ಚಿಕಿತ್ಸೆ ಮುಗಿಸಿ ಈಗ ಆರೋಗ್ಯವಾಗಿದ್ದಾರೆ.

ಈಗ ನಮ್ಮ ವಾರ್ಡಿನಲ್ಲಿ ಯಾವುದೇ ಕಾಯಿಲೆಗೆ ದಾಖಲಾದವರಿಗೂ ಮೊದಲು ಕೆಮ್ಮಿನ ಬಗ್ಗೆ ಕೇಳುತ್ತೇವೆ. ಕೆಮ್ಮುವವರಿಗೆ ಸರ್ಜಿಕಲ್ ಮಾಸ್ಕ್ ಕೊಡುತ್ತೇವೆ, ಏಕೆಂದರೆ ಅದು ಅವರ ಬಾಯಿಂದ ಹೊರಡುವ ಹನಿಗಳನ್ನು ತಡೆಯುತ್ತದೆ. ಅಂಚುಗಳಲ್ಲಿ ಸಡಿಲವಿರುವ ಅದೇ ಮಾಸ್ಕ್ ನಮ್ಮನ್ನು ಕಾಪಾಡದು, ನಮಗೆ ಎನ್95 ಬೇಕು. ಅದನ್ನೂ ಕೆಳಗಿನ ಪಟ್ಟಿ ಗದ್ದದ ಕೆಳಗೆ ಜೋತಾಡುವಂತೆ ಹಾಕಿಕೊಂಡರೆ ಪ್ರಯೋಜನವಿಲ್ಲ. ಎರಡೂ ಪಟ್ಟಿ ಎಳೆದು, ಮೂಗಿನ ತಂತಿ ಒತ್ತಿ, ಜೋರಾಗಿ ಉಸಿರು ಬಿಟ್ಟು ಅಂಚಿನಲ್ಲಿ ಗಾಳಿ ಸೋರುತ್ತದೆಯೇ ಎಂದು ನೋಡಿಕೊಳ್ಳಬೇಕು.

ಕಫ ತೆಗೆಯುವುದನ್ನು ಶೌಚಾಲಯದಿಂದ ಹೊರಗಿನ ಬೇವಿನ ಮರದ ಬಳಿಗೆ ಬದಲಾಯಿಸಿದ್ದೇವೆ. ಅಲ್ಲಿಂದ ಡಬ್ಬಿಗಳನ್ನು ಲ್ಯಾಬಿಗೆ ಒಯ್ಯುವ ಡಿ ಗ್ರೂಪ್ ಅಕ್ಕನನ್ನು ಅಲ್ಲಿಯವರೆಗೆ ಯಾವ ತರಬೇತಿಗೂ ಕರೆದಿರಲಿಲ್ಲ. ಪಟ್ಟಿ ಎಳೆದು ಮಾಸ್ಕ್ ಹಾಕುವುದನ್ನು ತೋರಿಸಿದಾಗ ಅವರು ಕೇಳಿದ್ದು, "ಇದನ್ನ ನಂಗೂ ದಿನಾ ಕೊಡ್ತೀರಾ ಸಿಸ್ಟರ್?" ಅಂದಿನಿಂದ ಸ್ಟೋರಿಗೆ ಬರೆಯುವ ಇಂಡೆಂಟಿನಲ್ಲಿ, ಅಂದರೆ ಬೇಡಿಕೆ ಪಟ್ಟಿಯಲ್ಲಿ, ಅವರ ಮಾಸ್ಕುಗಳನ್ನೂ ಸೇರಿಸುತ್ತಿದ್ದೇನೆ.