ಎರಡನೇ ವರ್ಷದ ದುಡ್ಡು ಎಲ್ಲಿದೆ, ಭಾವ?

ಹೋದ ತಿಂಗಳು ತಿಪಟೂರಿನಿಂದ ಅಕ್ಕ ಫೋನ್ ಮಾಡಿದಳು. ದನಿಯಲ್ಲೇ ಖುಷಿ ಕೇಳಿಸುತ್ತಿತ್ತು. "ಜರ್ಮನಿಯಲ್ಲಿ ಓದು ಪೂರ್ತಿ ಫ್ರೀ ಅಂತೆ ಕಣೋ. ಪುಟ್ಟ ಎಂಎಸ್‌ಗೆ ಅಲ್ಲಿಗೇ ಬರ್ತಾನಂತೆ. ನಿಮ್ಮನೆ ಹತ್ರಾನೇ ಯೂನಿವರ್ಸಿಟಿ ಇದೆ ಅಲ್ವಾ?"

ಇದೆ. ನಾನಿರುವುದು ಸ್ಟುಟ್‌ಗಾರ್ಟ್‌ನಲ್ಲಿ. ಎಸ್-ಬಾನ್ ರೈಲು ಹತ್ತಿದರೆ ಇಪ್ಪತ್ತು ನಿಮಿಷಕ್ಕೆ ಫಾಯಿಂಗನ್ ಕ್ಯಾಂಪಸ್. ಅಕ್ಕನ ಮಗ ಕಣ್ಣೆದುರಿಗೇ ಇರುತ್ತಾನೆ ಅಂದರೆ ನನಗೂ ಸಂತೋಷವೇ. ಆದರೆ ಆ "ಫ್ರೀ" ಅನ್ನುವ ಮಾತಿಗೆ ಹೂಂ ಅನ್ನಲು ಆಗಲಿಲ್ಲ. "ಭಾನುವಾರ ಭಾವ, ಪುಟ್ಟ ಇಬ್ಬರನ್ನೂ ಕೂರಿಸಿಕೊಂಡು ವಿಡಿಯೋ ಕಾಲ್ ಮಾಡಕ್ಕ. ಒಂದು ನೋಟ್‌ಬುಕ್ಕೂ ಇಟ್ಕೊಳ್ಳಿ" ಅಂದೆ. ಆ ಮಾತುಕತೆ ಮೂರು ಗಂಟೆ ನಡೆಯಿತು. ಇದೇ ಯೋಚನೆಯಲ್ಲಿರುವ ಮನೆಗಳು ನಮ್ಮ ಕಡೆ ಎಷ್ಟೋ ಇವೆ. ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಫೀಸಿನ ವಿಷಯ. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳು ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲ, ನಿಜ. ನಾನು 2013ರಲ್ಲಿ ಬಂದಾಗ ಸ್ಟುಟ್‌ಗಾರ್ಟ್‌ನಲ್ಲೂ ಇರಲಿಲ್ಲ. ಆದರೆ ಈ ಊರು ಇರುವ ಬಾಡನ್-ವ್ಯುರ್ಟೆಂಬರ್ಗ್ ರಾಜ್ಯ 2017ರ ಚಳಿಗಾಲದ ಸೆಮಿಸ್ಟರ್‌ನಿಂದ ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಂದ ಸೆಮಿಸ್ಟರ್‌ಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುರು ಮಾಡಿತು. ಅಲ್ಲಿ ಕೋರ್ಸ್ ನೋಡಿಕೊಂಡು ಸೆಮಿಸ್ಟರ್‌ಗೆ 2,000ದಿಂದ 6,000 ಯೂರೋ. ಇದನ್ನು ಕೇಳಿ ಪುಟ್ಟನ ಮುಖ ಸಣ್ಣಗಾಯಿತು. ಅವನ ಪಟ್ಟಿಯಲ್ಲಿ ಮೇಲಿದ್ದ ಎರಡು ಹೆಸರು ಇವೇ.

ಭಾವ ಹೈಸ್ಕೂಲ್ ಮೇಷ್ಟ್ರು. ಲೆಕ್ಕ ಆಗಲೇ ಬರೆದಿಟ್ಟುಕೊಂಡಿದ್ದರು. ವೀಸಾ ಬೇಕೆಂದರೆ ಬ್ಲಾಕ್ಡ್ ಅಕೌಂಟ್‌ನಲ್ಲಿ ಒಂದು ವರ್ಷದ ಖರ್ಚು ಮೊದಲೇ ಕಟ್ಟಬೇಕು. ಈಗ ಅದು 11,904 ಯೂರೋ. ಹುಡುಗ ಇಲ್ಲಿಗೆ ಬಂದ ಮೇಲೆ ತಿಂಗಳಿಗೆ 992 ಯೂರೋ ಅವನ ಖಾತೆಗೆ ಬರುತ್ತದೆ, ಒಟ್ಟಿಗೆ ತೆಗೆಯಲು ಬಿಡುವುದಿಲ್ಲ. ಯೂರೋಗೆ ನೂರು ರೂಪಾಯಿ ಹಿಡಿದರೆ ಹತ್ತಿರ ಹತ್ತಿರ 12 ಲಕ್ಷ. "ಇಷ್ಟು ಹೊಂದಿಸಿದರೆ ಆಯ್ತಲ್ಲ. ಆಮೇಲೆ ಅವನೇ ಪಾರ್ಟ್ ಟೈಮ್ ಮಾಡ್ಕೊಂಡು ನೋಡ್ಕೋತಾನೆ" ಅಂದರು ಭಾವ.

"ಎರಡನೇ ವರ್ಷದ್ದು ಎಲ್ಲಿದೆ ಭಾವ?" ಅಂತ ಕೇಳಿದೆ. ಯಾರೂ ಮಾತಾಡಲಿಲ್ಲ.

ನಾನು ನೋಡಿದ ಎಷ್ಟೋ ಕುಟುಂಬಗಳು ಎಡವುವುದು ಇಲ್ಲೇ. ಆ 12 ಲಕ್ಷ ವೀಸಾದ ಬಾಗಿಲು ದಾಟಿಸುತ್ತದೆ ಅಷ್ಟೇ. ಮಾಸ್ಟರ್ಸ್ ಎರಡು ವರ್ಷ. ಥೀಸಿಸ್ ಎಳೆದು ಇನ್ನೊಂದು ಸೆಮಿಸ್ಟರ್ ಹಿಡಿಯುವುದು ತುಂಬಾ ಸಾಮಾನ್ಯ. ವಾಸದ ಪರವಾನಗಿ ಮುಂದುವರಿಸಲು ವಿದೇಶಿಯರ ಕಚೇರಿಗೆ ಹೋದಾಗ, ಮುಂದಿನ ಖರ್ಚಿಗೆ ದುಡ್ಡು ಎಲ್ಲಿದೆ ತೋರಿಸು ಅಂತ ಮತ್ತೆ ಕೇಳುತ್ತಾರೆ. ಊರಿನಿಂದ ಹೊರಡುವಾಗ ಈ ವಿಷಯ ಯಾರೂ ಹೇಳಿರುವುದಿಲ್ಲ.

ಪಾರ್ಟ್ ಟೈಮ್ ಕೆಲಸಕ್ಕೆ ಇಲ್ಲಿ ಅವಕಾಶ ಇದೆ. 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಕಾಗದದ ಮೇಲೆ ಆ ದುಡ್ಡು ಸಾಕು ಅನ್ನಿಸುತ್ತದೆ. ಆದರೆ ಯಾವ ಕೆಲಸ, ಯಾವ ಹೊತ್ತಿನಲ್ಲಿ ಅನ್ನುವುದು ಕಾಗದದಲ್ಲಿ ಕಾಣುವುದಿಲ್ಲ.

ಆವತ್ತು ಅಕ್ಕನಿಗೆ ಒಂದು ವಿಷಯ ಹೇಳಿದೆ. ಹನ್ನೆರಡು ವರ್ಷ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಪ್ಪ ಕೊಬ್ಬರಿ ಮಾರಿದ ದುಡ್ಡಿಗೆ ಸೊಸೈಟಿ ಸಾಲ ಸೇರಿಸಿ ನನ್ನ ಮೊದಲ ವರ್ಷಕ್ಕೆ ಕಟ್ಟಿದ್ದರು. ಎರಡನೇ ವರ್ಷಕ್ಕೆ ಕೇಳಲು ನನಗೆ ಮನಸ್ಸು ಬರಲಿಲ್ಲ. ಚಳಿಗಾಲ ಪೂರ್ತಿ ಒಂದು ಪಾರ್ಸೆಲ್ ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡಿದೆ. ಬೆಳಿಗ್ಗೆ ಆರಕ್ಕೆ ರೂಮಿಗೆ ಬಂದು, ಎಂಟಕ್ಕೆ ಕ್ಲಾಸಿಗೆ ಹೋಗಿ ನಿದ್ದೆ ಮಾಡುತ್ತಿದ್ದೆ. ಒಂದು ಪೇಪರ್ ಎರಡು ಸಲ ಹೋಯಿತು. ಊರಿನಲ್ಲಿ ಸಬ್ಜೆಕ್ಟ್ ಬ್ಯಾಕ್ ಉಳಿದರೆ ಮುಂದಿನ ಸಲ ಬರೆಯುತ್ತೇವೆ, ಅಲ್ವಾ? ಇಲ್ಲಿ ಹಾಗಿಲ್ಲ. ಸಾಮಾನ್ಯವಾಗಿ ಒಂದು ಪರೀಕ್ಷೆಗೆ ಎರಡೋ ಮೂರೋ ಅವಕಾಶ. ಕಡೆಯದ್ದೂ ಹೋದರೆ ಹೆಸರು ತೆಗೆದುಹಾಕುತ್ತಾರೆ. ಅದೇ ಕೋರ್ಸನ್ನು ಜರ್ಮನಿಯ ಬೇರೆ ವಿಶ್ವವಿದ್ಯಾಲಯದಲ್ಲಿ ಮುಂದುವರಿಸಲೂ ಬಿಡುವುದಿಲ್ಲ. ನನಗೆ ಉಳಿದಿದ್ದು ಒಂದೇ ಅವಕಾಶ. ಆ ವಾರಗಳಲ್ಲೂ ಅಮ್ಮ ರಾತ್ರಿ ಫೋನ್ ಮಾಡಿ "ಊಟ ಆಯ್ತಾ?" ಅಂತ ಕೇಳುತ್ತಿದ್ದಳು. "ಆಯ್ತಮ್ಮ" ಅನ್ನುತ್ತಿದ್ದೆ. ಮೂರನೇ ಸಲ ಪಾಸಾದೆ. ನನ್ನ ಜೊತೆ ಗೋದಾಮಿನಲ್ಲಿದ್ದ ಇನ್ನೊಬ್ಬ ಹುಡುಗ ಪಾಸಾಗಲಿಲ್ಲ. ಅವನು ವಾಪಸ್ ಹೋದ.

ಅಕ್ಕ ತುಂಬಾ ಹೊತ್ತು ಸುಮ್ನೆ ಕೂತಿದ್ದಳು. ಆಮೇಲೆ "ನೋಟ್‌ಬುಕ್ ಕೊಡ್ರೀ ಇಲ್ಲಿ" ಅಂತ ಭಾವನ ಕೈಯಿಂದ ತೆಗೆದುಕೊಂಡಳು.

ಎಲ್ಲವನ್ನೂ ಮೊದಲಿನಿಂದ ಬರೆದೆವು. ಸ್ಟುಟ್‌ಗಾರ್ಟ್ ಆದರೆ ವರ್ಷಕ್ಕೆ ಜೀವನದ ಖರ್ಚು 12 ಲಕ್ಷ, ಶುಲ್ಕ 3 ಲಕ್ಷ, ಮೇಲೆ ಪ್ರತಿ ಸೆಮಿಸ್ಟರ್‌ಗೆ ವಿಶ್ವವಿದ್ಯಾಲಯಕ್ಕೆ ಕಟ್ಟುವ ಸಣ್ಣ ವಂತಿಗೆ. ಎರಡೂವರೆ ವರ್ಷಕ್ಕೆ 38 ಲಕ್ಷ ದಾಟುತ್ತದೆ. ಶುಲ್ಕವಿಲ್ಲದ, ಬಾಡಿಗೆಯೂ ಕಡಿಮೆ ಇರುವ ಕೆಮ್ನಿಟ್ಸ್ ಥರದ ಊರಾದರೆ 30ರ ಒಳಗೇ ಮುಗಿಯಬಹುದು. ಸ್ಟುಟ್‌ಗಾರ್ಟ್‌ನಲ್ಲಿ 992 ಯೂರೋ ಹೇಗೆ ಕರಗುತ್ತದೆ ಅಂತಲೂ ಹೇಳಿದೆ. ಹಂಚಿಕೊಂಡ ಮನೆಯಲ್ಲಿ ಒಂದು ರೂಮಿಗೇ ಸಲೀಸಾಗಿ 500 ಹೋಗುತ್ತದೆ. ಆರೋಗ್ಯ ವಿಮೆ ಸುಮಾರು 150. ಉಳಿದದ್ದರಲ್ಲಿ ದಿನಸಿ, ಫೋನು, ಓಡಾಟ. ರೂಮು ಹಿಡಿಯುವಾಗ ಮೂರು ತಿಂಗಳ ಬಾಡಿಗೆಯವರೆಗೂ ಅಡ್ವಾನ್ಸ್ ಕೇಳಬಹುದು. ಅದು ಬ್ಲಾಕ್ಡ್ ಅಕೌಂಟ್‌ನಿಂದ ಬರುವುದಿಲ್ಲ. ಕೈಯಲ್ಲಿ ಬೇರೆ ಇರಬೇಕು. ವಿಮಾನದ ಟಿಕೆಟ್ ಬೇರೆ, ಚಳಿಯ ಬಟ್ಟೆ ಬೇರೆ.

ಸಾಲದ ಮಾತು ಬಂದಾಗ ಭಾವ ಒಳಗಿನಿಂದ ಟ್ರಂಕು ತಂದರು. ಪಹಣಿ, ಕಂದಾಯದ ರಸೀದಿ, ಹಳೇ ಕ್ರಯಪತ್ರ. ತೆಂಗಿನ ತೋಟ ಅಡ ಇಟ್ಟರಾಯಿತು ಅಂದುಕೊಂಡಿದ್ದರು. ಆದರೆ ಶಿಕ್ಷಣ ಸಾಲಕ್ಕೆ ಹೆಚ್ಚಿನ ಬ್ಯಾಂಕುಗಳು ಕೃಷಿ ಜಮೀನು ಒಪ್ಪುವುದಿಲ್ಲ. ಉಳಿದಿದ್ದು ಮನೆ. ಅದರ ಖಾತೆ ಇನ್ನೂ ತೀರಿಹೋದ ಅವರ ತಂದೆಯ ಹೆಸರಿನಲ್ಲಿದೆ. ಅಣ್ಣತಮ್ಮಂದಿರ ನಡುವೆ ಬಾಯಿಮಾತಿನ ಪಾಲು ಆಗಿದೆ, ವಿಭಾಗ ಪತ್ರ ಆಗಿಲ್ಲ. ಇದೆಲ್ಲ ಸರಿಮಾಡಿ, ಇಸಿ (ಋಣಭಾರ ಪತ್ರ) ತೆಗೆಸಿ, ಬ್ಯಾಂಕಿನ ವಕೀಲರು ನೋಡಿ ಹೂಂ ಅನ್ನುವುದಕ್ಕೆ ತಿಂಗಳುಗಟ್ಟಲೆ ಬೇಕು. ಮಗನ ಅಡ್ಮಿಷನ್ ಪತ್ರ ಬಂದ ಮೇಲೆ ಇದಕ್ಕೆ ಕೈಹಾಕಿದರೆ ವೀಸಾದ ದಿನ ತಪ್ಪಿಹೋಗುತ್ತದೆ. ದಯವಿಟ್ಟು ನಿಮ್ಮ ಮನೆಯ ಟ್ರಂಕನ್ನು ಈ ವಾರವೇ ತೆಗೆದು ನೋಡಿ.

ಭಾವ ತಮ್ಮ ಜಿಪಿಎಫ್, ಅಂದರೆ ಭವಿಷ್ಯ ನಿಧಿಯ ದುಡ್ಡು ತೆಗೆಯುವ ಮಾತೂ ಆಡಿದರು. ಬೇಡ ಅಂದೆ, ಸ್ವಲ್ಪ ಜೋರಾಗಿಯೇ. ರಿಟೈರ್ ಆಗಲು ಆರೇ ವರ್ಷ ಇದೆ. ಮಗಳು ಇನ್ನೂ ಪಿಯುಸಿ. ಅವಳ ಓದಿನ ದುಡ್ಡನ್ನೂ ಅಣ್ಣನ ಟಿಕೆಟ್ಟಿಗೆ ಹಾಕುವುದು ನ್ಯಾಯವಲ್ಲ. ಶಿಕ್ಷಣ ಸಾಲವಾದರೆ ಓದು ಮುಗಿದು ಸಾಮಾನ್ಯವಾಗಿ ಒಂದು ವರ್ಷದವರೆಗೂ ಕಂತು ಕಟ್ಟಬೇಕಿಲ್ಲ. ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ. ಹಾಗಾಗಿ ಜಿಪಿಎಫ್ ಮುಟ್ಟದೆ, ಸಂಬಳದಲ್ಲಿ ತಿಂಗಳು ತಿಂಗಳು ಬಡ್ಡಿಯನ್ನಷ್ಟೇ ಕಟ್ಟಿಕೊಂಡು ಹೋಗಿ ಅಂದೆ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ರಾಜ್ಯ ಸರ್ಕಾರದ ಪ್ರಬುದ್ಧ ವಿದ್ಯಾರ್ಥಿವೇತನ ಇದೆ. ಅಂಥ ಮನೆಯವರು ಸಾಲಕ್ಕೆ ಮೊದಲು ಅದನ್ನು ವಿಚಾರಿಸಬೇಕು.

ಇಷ್ಟು ಹೊತ್ತೂ ಪುಟ್ಟ ಒಂದು ಮಾತೂ ಆಡಿರಲಿಲ್ಲ. ಕೊನೆಗೆ ಕೇಳಿದ, "ಮನೆ ಅಡ ಇಡ್ತೀರಾ ಅಪ್ಪ?" ಅವನಿಗೆ ಅಲ್ಲಿಯವರೆಗೂ ಗೊತ್ತೇ ಇರಲಿಲ್ಲ. ಮಕ್ಕಳ ತಲೆಗೆ ಭಾರ ಹಾಕಬಾರದು ಅಂತ ನಮ್ಮವರು ದುಡ್ಡಿನ ವಿಷಯ ಮುಚ್ಚಿಡುತ್ತಾರೆ. ಅದು ಪ್ರೀತಿಯೇ. ಆದರೆ ನಾನು ಅಮ್ಮನಿಗೆ "ಆಯ್ತಮ್ಮ" ಅಂದದ್ದೂ ಪ್ರೀತಿಯಿಂದಲೇ. ಎರಡೂ ಕಡೆಯವರು ಮುಚ್ಚಿಟ್ಟರೆ ನಡುವೆ ಹುಡುಗ ಒಬ್ಬನೇ ಆಗಿಬಿಡುತ್ತಾನೆ. ಅದಕ್ಕೇ ಅವನ ಎದುರಿಗೇ ಒಂದು ಕರಾರು ಮಾಡಿಸಿದೆ. ಸೆಮಿಸ್ಟರ್ ನಡೆಯುವಾಗ ವಾರಕ್ಕೆ ಹತ್ತು ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ, ರಾತ್ರಿ ಪಾಳಿ ಇಲ್ಲವೇ ಇಲ್ಲ. ಪೇಪರ್ ಹೋದರೆ ಆವತ್ತೇ ಮನೆಗೆ ಹೇಳಬೇಕು. ಮನೆಯವರು ಬೈಯಬಾರದು.

ಇನ್ನು ಕನ್ಸಲ್ಟೆನ್ಸಿ. ಬೆಂಗಳೂರಿನಲ್ಲಿ ಒಂದು ಕಡೆ "ಫೀಸೇ ಬೇಡ, ಸೀಟು ಗ್ಯಾರಂಟಿ" ಅಂದಿದ್ದರಂತೆ. ಅವರು ತೋರಿಸಿದ್ದು ಭಾರೀ ಶುಲ್ಕದ ಒಂದು ಖಾಸಗಿ ಕಾಲೇಜು. ಇಂಥ ಕಡೆ ವಿದ್ಯಾರ್ಥಿಯಿಂದ ದುಡ್ಡು ಕೇಳದಿದ್ದರೆ, ಕಮಿಷನ್ ಕಾಲೇಜಿನಿಂದ ಬರುತ್ತಿರಬಹುದು. ಕೋರ್ಸುಗಳ ಪಟ್ಟಿ ವಿದೇಶಿ ವಿದ್ಯಾರ್ಥಿಗಳಿಗೆ ನೆರವಾಗುವ ಜರ್ಮನಿಯ ಡಿಎಎಡಿ ಸಂಸ್ಥೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಹುಡುಗನೇ ಕೂತು ಹುಡುಕಲಿ. ಅರ್ಜಿ ತಾನೇ ತುಂಬಲಾಗದವನಿಗೆ ಇಲ್ಲಿನ ಕಚೇರಿಗಳ ಕಾಗದಗಳೂ ಕಷ್ಟವೇ.

ಸಮಯವನ್ನು ಹಿಂದಿನಿಂದ ಎಣಿಸಬೇಕು. ಕ್ಲಾಸು ಶುರುವಾಗುವುದು ಅಕ್ಟೋಬರ್‌ನಲ್ಲಿ. ಎಷ್ಟೋ ಕಡೆ ಅರ್ಜಿಗೆ ಕಡೇ ದಿನ ಜುಲೈ 15, ಕೆಲವು ಕಡೆ ಇನ್ನೂ ಮುಂಚೆ. ಅದಕ್ಕೂ ಮೊದಲು ಅಂಕಪಟ್ಟಿಗಳನ್ನು, ಅವು ಅಸಲಿಯೇ ಅಂತ ಪರಿಶೀಲಿಸುವ ದೆಹಲಿಯ ಎಪಿಎಸ್ ಎಂಬ ಜರ್ಮನ್ ಕಚೇರಿಗೆ ಕಳಿಸಿ ಪ್ರಮಾಣಪತ್ರ ತರಿಸಿಕೊಳ್ಳಬೇಕು, ಅದಕ್ಕೆ 18,000 ರೂಪಾಯಿ. ಭಾಷೆಯನ್ನಂತೂ ಇವತ್ತೇ ಶುರು ಮಾಡಬೇಕು. ಕೋರ್ಸ್ ಇಂಗ್ಲಿಷಿನಲ್ಲಿದ್ದರೂ ಓದು ಮುಗಿದ ಮೇಲೆ ಕೆಲಸ ಹುಡುಕಲು ಸಿಗುವುದು 18 ತಿಂಗಳು. ಜರ್ಮನ್ ಬರದಿದ್ದರೆ ಅದರಲ್ಲಿ ಅರ್ಧ ಭಾಷೆ ಕಲಿಯುವುದರಲ್ಲೇ ಹೋಗುತ್ತದೆ.

ಪುಟ್ಟ ಈ ವರ್ಷ ಅರ್ಜಿ ಹಾಕುತ್ತಿಲ್ಲ. ಬೆಂಗಳೂರಿನಲ್ಲಿ ಒಂದು ವರ್ಷ ಕೆಲಸ ಮಾಡಿಕೊಂಡು, ಶನಿವಾರ ಭಾನುವಾರ ಜರ್ಮನ್ ಕಲಿಯಲು ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಹೋಗುತ್ತಾನಂತೆ. ಪಟ್ಟಿಯಲ್ಲಿ ಈಗ ಕೆಮ್ನಿಟ್ಸ್ ಮೇಲೆ ಬಂದಿದೆ, ನಮ್ಮ ಮನೆಯಿಂದ ರೈಲಿನಲ್ಲಿ ಅರ್ಧ ದಿನದ ದಾರಿ. ಅಕ್ಕನಿಗೆ ಅದೊಂದು ಬೇಜಾರು. ಭಾವ ಮೊನ್ನೆ ತಮ್ಮಂದಿರನ್ನು ಮನೆಗೆ ಊಟಕ್ಕೆ ಕರೆದು ವಿಭಾಗ ಪತ್ರದ ಮಾತು ಎತ್ತಿದ್ದಾರೆ. ಮುಂದಿನ ವಾರ ಎಲ್ಲರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುತ್ತಾರೆ.