ಚೆಕ್ ಲೈಟ್ ಬಂತು ಅಂತ ಸೆನ್ಸರ್ ಬದಲಿಸುವ ಮೊದಲು

ನಮ್ಮ ಗ್ಯಾರೇಜ್‌ಗೆ ಬರುವ ಪೆಟ್ರೋಲ್ ಕಾರುಗಳಲ್ಲಿ ಚೆಕ್ ಇಂಜಿನ್ ಲೈಟ್ ಬಂದಾಗ ಸ್ಕ್ಯಾನರ್ ಹಾಕಿದರೆ ಪಿ0171 ಎಂಬ ದೋಷದ ಕೋಡ್ ಆಗಾಗ ಸಿಗುತ್ತದೆ. ಇಂಜಿನ್‌ಗೆ ಹೋಗುವ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲುತ್ತಿಲ್ಲ ಅಂತ ಅದರ ಅರ್ಥ. ಅದನ್ನು ನೋಡಿದ ಕೂಡಲೇ ಎಗ್ಸಾಸ್ಟ್‌ನಲ್ಲಿ ಉಳಿದ ಆಕ್ಸಿಜನ್ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸುವುದು ನಮ್ಮ ಕಸುಬಿನಲ್ಲಿ ರೂಢಿಯಾಗಿಬಿಟ್ಟಿದೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಎಷ್ಟೋ ಸಲ ಆ ಸೆನ್ಸರ್ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿರುತ್ತದೆ.

ಈಚೆಗೆ ಬಂದ ಒಂದು ಕಾರಿನ ಕಥೆಯೂ ಅದೇ. ಬೇರೆ ಕಡೆ ಸೆನ್ಸರ್ ಹೊಸದು ಹಾಕಿಸಿದ್ದರು, ಲೈಟ್ ಮತ್ತೆ ಬಂದಿತ್ತು. "ಸಿಗ್ನಲ್‌ನಲ್ಲಿ ನಿಂತರೆ ಆರ್‌ಪಿಎಂ ಮೇಲೆ ಕೆಳಗೆ ಆಗುತ್ತೆ, ಹೈವೇಲಿ ಮಾತ್ರ ಚೆನ್ನಾಗಿ ಓಡುತ್ತೆ ಸರ್" ಎಂದರು ಕಾರಿನವರು. ಸುಳಿವು ಈ ಮಾತಿನಲ್ಲೇ ಇದೆ. ಐಡಲ್‌ನಲ್ಲಿ, ಅಂದರೆ ರೇಸ್ ಕೊಡದೆ ಇಂಜಿನ್ ಓಡುವಾಗ, ಗಾಳಿ ಬಿಡುವ ಬಾಗಿಲಾದ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಅಲ್ಲಿಂದ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಒಳಗಿನ ವ್ಯಾಕ್ಯೂಮ್ (ಎಳೆತ) ಜೋರಾಗಿರುತ್ತದೆ. ಎಲ್ಲೋ ಒಂದು ಸೀಳಿದ್ದರೂ ಅಲ್ಲಿಂದ ಗಾಳಿ ಎಳೆಯುತ್ತದೆ, ಅದು ಒಳಬರುವ ಗಾಳಿ ಅಳೆಯುವ ಏರ್ ಫ್ಲೋ ಸೆನ್ಸರ್‌ನ ಲೆಕ್ಕಕ್ಕೆ ಸಿಗುವುದಿಲ್ಲ. ರೇಸ್ ಕೊಟ್ಟಾಗ ಥ್ರಾಟಲ್‌ನಿಂದಲೇ ಎಷ್ಟೋ ಪಟ್ಟು ಗಾಳಿ ಬರುವುದರಿಂದ ಈ ಕಳ್ಳಗಾಳಿಯ ಪಾಲು ಸಣ್ಣದಾಗುತ್ತದೆ.

ಹಾಗಾಗಿ ನಾನು ಸ್ಪ್ಯಾನರ್ ಹಿಡಿಯುವ ಮೊದಲು ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್ (ಕಾರಿನ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚಿಸಿದೆ ಇಲ್ಲವೇ ಇಳಿಸಿದೆ ಎಂಬ ಲೆಕ್ಕ) ನೋಡುತ್ತೇನೆ, ಐಡಲ್‌ನಲ್ಲಿ ಒಮ್ಮೆ, 2500 ಆರ್‌ಪಿಎಂನಲ್ಲಿ ಒಮ್ಮೆ. ಈ ಕಾರಿನಲ್ಲಿ ಆ ಕ್ಷಣದ ಶಾರ್ಟ್ ಟ್ರಿಮ್, ಕಂಪ್ಯೂಟರ್ ನೆನಪಿಟ್ಟುಕೊಂಡ ಲಾಂಗ್ ಟ್ರಿಮ್ ಎರಡೂ ಕೂಡಿಸಿದರೆ ಐಡಲ್‌ನಲ್ಲಿ 24%, ರೇಸ್ ಕೊಟ್ಟರೆ 5%. ಅಂದರೆ ಏರ್ ಲೀಕ್. ಬದಲಿಗೆ ರೇಸ್ ಕೊಟ್ಟಷ್ಟೂ ಟ್ರಿಮ್ ಏರಿದ್ದರೆ ಪೆಟ್ರೋಲ್ ಕಳಿಸುವ ಪಂಪ್, ಅದರ ಫಿಲ್ಟರ್, ಕೊಳೆ ಹಿಡಿದ ಏರ್ ಫ್ಲೋ ಸೆನ್ಸರ್ ಕಡೆ ನೋಡುತ್ತಿದ್ದೆ. ಒಂದು ಎಚ್ಚರಿಕೆ: ಏರ್ ಫ್ಲೋ ಸೆನ್ಸರ್ ಇಲ್ಲದೆ ಮ್ಯಾನಿಫೋಲ್ಡ್ ಒಳಗಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಮೇಲೆ ನಡೆಯುವ ಕಾರುಗಳಲ್ಲಿ ಟ್ರಿಮ್ ಅಷ್ಟಾಗಿ ಕೆಡದೇ ಇರಬಹುದು. ಲೀಕ್ ಆದ ಗಾಳಿಯೂ ಒತ್ತಡದ ಲೆಕ್ಕಕ್ಕೆ ಸೇರಿ, ಅದಕ್ಕೂ ಪೆಟ್ರೋಲ್ ಹೋಗುತ್ತದೆ. ಅಲ್ಲಿ ಐಡಲ್ ಆರ್‌ಪಿಎಂ ಏರಿಯೇ ಇರುತ್ತದೆ.

ವ್ಯಾಕ್ಯೂಮ್ ಗೇಜ್ ಬಳಸುವ ಹೊಸಬರಿಗೆ ಇನ್ನೊಂದು ಮಾತು. ಪುಸ್ತಕದಲ್ಲಿ ಐಡಲ್‌ಗೆ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ವ್ಯಾಕ್ಯೂಮ್ ಎಂದಿರುತ್ತದೆ. ಅದು ಸಮುದ್ರ ಮಟ್ಟದ ಲೆಕ್ಕ. ಬೆಂಗಳೂರು 900 ಮೀಟರ್‌ಗೂ ಎತ್ತರದಲ್ಲಿದೆ, ಇಲ್ಲಿ ಸುಮಾರು 3 ಇಂಚು ಕಡಿಮೆ ತೋರಿಸುತ್ತದೆ. ಮಂಗಳೂರಿನಲ್ಲಿ 18 ತೋರಿಸುವ ಇಂಜಿನ್ ಇಲ್ಲಿ 15 ತೋರಿಸಿದರೆ ಅದರಲ್ಲಿ ದೋಷವಿಲ್ಲ. ಸುಮ್ನೆ ಬಿಚ್ಚಬೇಡಿ.

ಲೀಕ್ ಹುಡುಕಲು ಒಳಗೆ ಹೊಗೆ ತುಂಬಿ ಅದು ಎಲ್ಲಿ ಹೊರಬರುತ್ತದೆ ಅಂತ ತೋರಿಸುವ ಸ್ಮೋಕ್ ಮಷೀನ್‌ಗಿಂತ ಒಳ್ಳೆಯದಿಲ್ಲ. ಅದಿಲ್ಲದಿದ್ದರೆ ಒಂದೊಂದೇ ರಬ್ಬರ್ ಹೋಸನ್ನು ಮ್ಯಾನಿಫೋಲ್ಡ್ ಹತ್ತಿರ ಮೆಲ್ಲಗೆ ಅದುಮಿ ನೋಡಬಹುದು, ಆದರೆ ಒಣಗಿದ ಹೋಸ್ ಹಾಗೇ ಸೀಳುತ್ತದೆ. ಕಾರ್ಬ್ ಕ್ಲೀನರ್ (ಕೊಳೆ ತೆಗೆಯುವ ಸ್ಪ್ರೇ) ಚಿಮುಕಿಸಿ ಐಡಲ್ ಬದಲಾಗುತ್ತದಾ ಅಂತ ನೋಡುವವರು ಬಹಳ. ಬಿಸಿ ಎಗ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ. ನನ್ನ ಹುಡುಗರಿಗೆ ಅದನ್ನು ಮಾಡಲು ಬಿಡುವುದಿಲ್ಲ.

ಈ ಕಾರಿನಲ್ಲಿ ಇಂಜಿನ್ ಒಳಗಿನ ಆಯಿಲ್ ಆವಿಯನ್ನು ಮ್ಯಾನಿಫೋಲ್ಡ್‌ಗೆ ಒಯ್ಯುವ ಪಿಸಿವಿ ಹೋಸ್ ಅದುಮಿದಾಗ ಐಡಲ್‌ನ ಏರಿಳಿತ ನಿಂತಿತು. ಮೇಲಿಂದ ನೋಡಿದರೆ ಹೋಸ್ ಚೆನ್ನಾಗಿಯೇ ಇತ್ತು. ಥ್ರಾಟಲ್ ಬಾಡಿ ಕೆಳಗೆ ಬಾಗುವ ಕಡೆ, ಅಡಿಭಾಗದಲ್ಲಿ, ಆಯಿಲ್ ಆವಿಗೆ ಮೆತ್ತಗಾಗಿ ಸೀಳಿತ್ತು. ಬೆರಳು ಆಡಿಸಿದಾಗಲೇ ಗೊತ್ತಾದದ್ದು. ಟೇಪ್ ಸುತ್ತುವುದು, ಗಮ್ ಹಾಕುವುದು ಅಲ್ಲಿ ನಿಲ್ಲುವುದಿಲ್ಲ. ರೇಡಿಯೇಟರ್ ಹೋಸ್ ತುಂಡು ಹಾಕಿದರೂ ಆಯಿಲ್‌ಗೆ ಊದಿಕೊಳ್ಳುತ್ತದೆ. ಅದೇ ಬಾಗಿನ ಕಂಪನಿ ಹೋಸ್ ತರಿಸಿ, ಹೊಸ ಕ್ಲಾಂಪ್ ಹಾಕಿದೆವು. ವ್ಯಾಕ್ಯೂಮ್‌ನಿಂದ ಬ್ರೇಕ್ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರ್‌ನ ಹೋಸನ್ನೂ ನೋಡಿದೆವು. ಅಲ್ಲಿ ಲೀಕ್ ಇದ್ದು ಪೆಡಲ್ ಗಟ್ಟಿಯಾಗಿದ್ದರೆ ಗಾಡಿಯನ್ನು ರೋಡಿಗೆ ಬಿಡಲೇಬಾರದು.

ಕೊನೆಗೆ ಕೋಡ್ ಜೊತೆ ಹಳೆಯ ಟ್ರಿಮ್ ಲೆಕ್ಕವನ್ನೂ ಅಳಿಸಿ, ಇಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸಿದೆವು. ಐಡಲ್‌ನಲ್ಲಿ ಟ್ರಿಮ್ 3%ಗೆ ಇಳಿದಿತ್ತು. ತೆಗೆದಿದ್ದ ಹಳೆಯ ಆಕ್ಸಿಜನ್ ಸೆನ್ಸರ್ ಇನ್ನೂ ಅವರ ಡಿಕ್ಕಿಯಲ್ಲೇ ಇತ್ತು. ಎಸೆಯಬೇಡಿ, ಇಟ್ಟುಕೊಂಡಿರಿ ಎಂದೆ.